ದ್ವೀಪದ ಸಾಲಿನಲ್ಲಿ ನಮ್ಮ ಖೋಕಾ

ಏಕಸಂಬಿ ರಸ್ತೆಯ ಆ ಪತ್ರಾಸ್ ತಗಡಿನ ಶೆಡ್ಡಿಗೆ ನಾನು ಹೋಗುತ್ತಿದ್ದದ್ದು ಜಿಎಸ್‌ಟಿ ಕೆಲಸಕ್ಕೆ. ತಿಂಗಳಿಗೊಮ್ಮೆ ಹೋಗಿ, ಬಿಲ್ಲುಗಳನ್ನು ಹೊಂದಿಸಿ, ಚಹಾ ಕುಡಿದು, ಚಿಕ್ಕೋಡಿಯ ನನ್ನ ಒಂದು ಖೋಲಿಯ ಕಚೇರಿಗೆ ಮರಳಿದರೆ ಮುಗಿಯಿತು. ಅಂಥವಳ ಮುಂದೆ ಒಂದು ದಿನ ಮಾಲಕರು ಮೊಬೈಲಿನಲ್ಲಿ ಭೂಪಟ ತೆರೆದು, ನೀಲಿ ಸಮುದ್ರದ ನಡುವಿನ ಒಂದು ಚುಕ್ಕೆಯ ಮೇಲೆ ಬೆರಳಿಟ್ಟರು.

"ಮೇಡಮ್ಮಾರ, ಈ ದ್ವೀಪಕ್ಕ ನಮ್ಮ ದೇಶದಿಂದ ರಟ್ಟಿನ ಮಾಲು ಎಷ್ಟು ಹೋಗತೈತಿ, ಬ್ಯಾರೆ ದೇಶದಿಂದ ಎಷ್ಟು ಹೋಗತೈತಿ, ಹೋಲಿಸಿ ನೋಡಿ ಹೇಳ್ರಿ."

"ನಾ ಜಿಎಸ್‌ಟಿ ತುಂಬಾಕಿರಿ. ಸಮುದ್ರ ನೋಡಿದ್ದ ಗೋವಾದಾಗ, ಅದೂ ಒಮ್ಮೆ," ಅಂದೆ.

"ಅಂಕಿ ಅಂದ್ರ ಅಂಕೀನ ಅಲ್ಲೇನ್ರಿ? ನಿಮಗ ಬರತೈತಿ."

ಅವರ ಆತುರ ಎಲ್ಲಿಂದ ಬಂದದ್ದೆಂದು ನನಗೆ ಗೊತ್ತಿತ್ತು. ಆ ಶೆಡ್ಡಿನಲ್ಲಿ ತಯಾರಾಗುತ್ತಿದ್ದದ್ದು ಖೋಕಾ. ರಟ್ಟಿನ ಪೆಟ್ಟಿಗೆಗೆ ನಮ್ಮ ಗಡಿ ಭಾಗದಲ್ಲಿ ಕನ್ನಡದವರೂ ಮರಾಠಿಯವರೂ ಅನ್ನುವುದು ಹಾಗೆಯೇ. ಅಥಣಿ, ಕಾಗವಾಡದ ಒಣದ್ರಾಕ್ಷಿ ವ್ಯಾಪಾರಿಗಳೇ ಗಿರಾಕಿಗಳು. ಮಷಿನ್ನು ಕಾಗದಕ್ಕೆ ನಿರಿಗೆ ಹಾಕಿ ಕತ್ತರಿಸಿ ಕೊಡುತ್ತಿತ್ತು, ಅಷ್ಟೇ. ಅಂಟು ಹಚ್ಚುವುದು, ಮಡಚುವುದು, ಪಿನ್ನು ಹೊಡೆಯುವುದು ಎಲ್ಲ ಹೆಂಗಸರ ಕೈಕೆಲಸ. ಆದರೆ ಗಡಿಯಾಚೆ ಎಲ್ಲವನ್ನೂ ತಾನೇ ಮಾಡಿ ಮುಗಿಸುವ ದೊಡ್ಡ ಮಷಿನ್ನುಗಳ ಕಾರಖಾನೆ ಬಂದು, ಬಣ್ಣಬಣ್ಣದ ಖೋಕಾ ಕೊಡತೊಡಗಿದ ಮೇಲೆ ಒಬ್ಬೊಬ್ಬರಾಗಿ ಗಿರಾಕಿಗಳು ಆ ಕಡೆ ಹೊರಳಿದ್ದರು. ದ್ರಾಕ್ಷಿ ಸುಗ್ಗಿ ಮುಗಿಯುವುದರೊಳಗೆ ಹೊಸ ಗಿರಾಕಿ ಸಿಗದಿದ್ದರೆ ಅಂಟಿನ ಕೆಲಸ ಬಂದ್ ಎಂದು ಮಾಲಕರು ಹೆಂಗಸರಿಗೆ ಹೇಳಿಬಿಟ್ಟಿದ್ದರು.

ಆ ಹೆಂಗಸರಿಗೆಲ್ಲ ಹಿರಿಯರು ಬೋರಗಾಂವದ ಮಾವಶಿ, ಅಂದರೆ ಚಿಕ್ಕಮ್ಮ. ಮಾಲಕರೂ ಅವರನ್ನು ಮಾವಶಿ ಅಂತಲೇ ಕರೆಯುತ್ತಿದ್ದರು. ಅವರ ಮನೆಯ ಒಲೆ ಉರಿಯುತ್ತಿದ್ದದ್ದು ಈ ಅಂಟಿನ ಮೇಲೆ. ನಾನು ಹೋದಾಗಲೆಲ್ಲ ಮನೆಯಿಂದ ಏನಾದರೂ ಸ್ಟೀಲ್ ಡಬ್ಬಿಯಲ್ಲಿ ಒಯ್ಯುತ್ತಿದ್ದೆ, ಒಮ್ಮೆ ಚುರಮುರಿ, ಒಮ್ಮೆ ಅವಲಕ್ಕಿ. ಮುಂದಿನ ತಿಂಗಳು ಡಬ್ಬಿ ತಿರುಗಿ ಬರುವಾಗ ಅದರಲ್ಲಿ ಶೇಂಗಾ ಚಟ್ನಿಯೋ ಬೆಲ್ಲದ ಹೆಂಟೆಯೋ ಇರುತ್ತಿತ್ತು. ನಮ್ಮ ಕಡೆ ಡಬ್ಬಿಯನ್ನು ಬರಿದೆ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆ ಹಾಕಿಯಾದರೂ ಕೊಡುತ್ತೇವೆ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ.

ದ್ವೀಪದ ಸುದ್ದಿ ಬಂದದ್ದು ಮಾಲಕರ ಹಳೆಯ ಪರಿಚಯದ ಮುಂಬೈ ವ್ಯಾಪಾರಿಯಿಂದ. ಆತನ ಸಂಬಂಧಿಕರೊಬ್ಬರು ತಲೆಮಾರಿನ ಹಿಂದೆಯೇ ಆ ದ್ವೀಪಕ್ಕೆ ಹೋಗಿ ನೆಲೆಸಿದವರು, ಹಣ್ಣಿನ ವ್ಯಾಪಾರ. ಖೋಕಾ ಬೇಕು, ನಮೂನೆ ಕಳಿಸಿ ಅಂದಿದ್ದರು. ಮಾಲಕರಿಗೆ ಆಸೆ ಒಂದು ಕಡೆ, ಅಂಜಿಕೆ ಇನ್ನೊಂದು ಕಡೆ. "ಯಾರೂ ನಡೀದ ದಾರ್ಯಾಗ ನಾ ಒಬ್ಬಾಂವ ಹೋಗಿ ಬಿದ್ದರ ಎತ್ತಾಂವ ಯಾರ್ರಿ?" ಅಂದರು. ಆದ್ದರಿಂದ ಹೋಲಿಕೆ.

ಕೆಲಸ ಸುಲಭವೆಂದುಕೊಂಡು ಕೂತೆ. ಸುಂಕದ ಪಟ್ಟಿಯಲ್ಲಿ ಕಾಗದ ಮತ್ತು ರಟ್ಟಿಗೆ ನಲವತ್ತೆಂಟನೆಯ ಅಧ್ಯಾಯ. ನಮ್ಮ ದೇಶದ ರಫ್ತಿನ ಅಂಕಿ ಸರಕಾರದ ಜಾಲತಾಣದಲ್ಲಿ ಸಿಗುತ್ತದೆ, ದೇಶದ ಹೆಸರು ಒತ್ತಿದರೆ ಸಾಲು ತೆರೆದುಕೊಳ್ಳುತ್ತದೆ. ಹೋಲಿಕೆಗೆ ಇನ್ನೊಂದು ದೇಶವಾಗಿ ಆ ದ್ವೀಪಕ್ಕೆ ಹತ್ತಿರದ, ಆಫ್ರಿಕಾ ಕರಾವಳಿಯ ಒಂದನ್ನು ಆರಿಸಿಕೊಂಡೆ. ಆ ಹಣ್ಣಿನ ವ್ಯಾಪಾರಿ ಅಲ್ಲಿಯವರೆಗೆ ಖೋಕಾ ತರಿಸುತ್ತಿದ್ದದ್ದು ಅಲ್ಲಿಂದಲೇ. ದ್ವೀಪದ ಆಮದಿನ ಲೆಕ್ಕವನ್ನೇ ನೇರವಾಗಿ ನೋಡೋಣವೆಂದರೆ ಅದು ಸಿಗಲಿಲ್ಲ. ಅದು ಸ್ವತಂತ್ರ ದೇಶವಲ್ಲ. ಯುರೋಪಿನ ಒಂದು ದೇಶದ ಆಡಳಿತಕ್ಕೆ ಸೇರಿದ್ದು. ಅದರ ಲೆಕ್ಕವೆಲ್ಲ ಆ ದೊಡ್ಡ ದೇಶದ ಲೆಕ್ಕದಲ್ಲಿ ಕರಗಿಹೋಗುತ್ತಿತ್ತು. ಹೀಗಾಗಿ ಕೊಟ್ಟವರ ಬಾಯಿಂದ ಕೇಳಬೇಕೇ ಹೊರತು ತೆಗೆದುಕೊಂಡವರ ಬಾಯಿಂದ ಕೇಳುವಂತಿರಲಿಲ್ಲ. ಈ ಮಾತು ಆಗ ನನಗೆ ದೊಡ್ಡದಾಗಿ ಕಾಣಲಿಲ್ಲ.

ಮೊದಲ ಪೇಚಾಟ ವರ್ಷದ್ದು. ನಮ್ಮ ವರ್ಷ ಏಪ್ರಿಲ್‌ನಿಂದ ಮಾರ್ಚ್, ಅವರದು ಜನವರಿಯಿಂದ ಡಿಸೆಂಬರ್. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂದಹಾಗಾಯಿತು. ತಿಂಗಳ ಅಂಕಿಗಳನ್ನು ಬಿಡಿಬಿಡಿಯಾಗಿ ಇಳಿಸಿಕೊಂಡು ಎರಡನ್ನೂ ಒಂದೇ ಕ್ಯಾಲೆಂಡರಿಗೆ ಕೂಡಿಸಿದೆ. ಆಮೇಲೆ ಅಳತೆಯದು. ನಾವು ಕೆಲವು ಸಾಲುಗಳನ್ನು ತೂಕದಲ್ಲಿ ಬರೆದರೆ ಅವರು ಬೆಲೆಯನ್ನು ಮಾತ್ರ ಬರೆದಿದ್ದರು, ಅದೂ ಅವರ ನಾಣ್ಯದಲ್ಲಿ. ಎಲ್ಲವನ್ನೂ ಒಂದು ಹದಕ್ಕೆ ತಂದಾಗ ನನ್ನ ಜಿಎಸ್‌ಟಿ ಗಿರಾಕಿಗಳ ಎರಡು ಫೋನು ಬಂದು, ನಾನು ಎತ್ತದೆ ನಿಂತುಹೋಗಿದ್ದವು.

ಹೋಲಿಕೆಯ ಮೊದಲ ಹಾಳೆ ನೋಡಿ ಮಾಲಕರು ಹಿಗ್ಗಿ ಹೀರೇಕಾಯಿಯಾದರು. ಆ ದೇಶದ ಸಾಲು ತಿಂಗಳು ತಿಂಗಳೂ ತುಂಬಿಕೊಂಡಿತ್ತು. "ಇಷ್ಟು ರಟ್ಟು ಬೇಕಾಗತೈತಿ ಅಂತಾತಲ್ರಿ ಅವ್ರಿಗಿ!" ನನಗೆ ಅವರ ಹಿಗ್ಗು ಇಳಿಸಲು ಮನಸ್ಸಿರಲಿಲ್ಲ, ಆದರೂ ಹೇಳಲೇಬೇಕಿತ್ತು. ನಲವತ್ತೆಂಟನೆಯ ಅಧ್ಯಾಯವೆಂದರೆ ಬರೀ ಖೋಕಾ ಅಲ್ಲ. ಟಾಯ್ಲೆಟ್ ಪೇಪರಿನಿಂದ ನೋಟ್‌ಬುಕ್ಕಿನವರೆಗೆ ಎಲ್ಲ ಅದರೊಳಗೇ. ಬಿಡಿಸಿ ನೋಡಿದಾಗ ಆ ತುಂಬಿದ ಸಾಲಿನ ದೊಡ್ಡ ಪಾಲು ಒರೆಸಿ ಎಸೆಯುವ ಕಾಗದ. ಖೋಕಾದ ಪಾಲು ಸಣ್ಣದು, ಆದರೆ ಪ್ರತಿ ತಿಂಗಳೂ ತಪ್ಪದೆ ಇತ್ತು.

ನಮ್ಮ ದೇಶದ ಸಾಲನ್ನೂ ಹಾಗೆಯೇ ಬಿಡಿಸಿದೆ. ಆಗೊಮ್ಮೆ ಈಗೊಮ್ಮೆ ಒಂದಿಷ್ಟು ನೋಟ್‌ಬುಕ್ಕು ಹೋಗಿತ್ತು. ಹಾಳೆಯಲ್ಲಿ ಖೋಕಾದ ಅಂಕಿ ಇರಬೇಕಾದ ಮನೆ ಖಾಲಿ. ಹಿಂದಿನ ವರ್ಷ ಖಾಲಿ, ಅದರ ಹಿಂದಿನದೂ ಖಾಲಿ.

"ಖಾಲಿ ಐತಿ ಅಂದ್ರ ಜಾಗಾ ಐತಿ," ಅಂದರು ಮಾಲಕರು.

"ಖಾಲಿ ಐತಿ ಅಂದ್ರ ಯಾರಿಗೂ ಆಗಿಲ್ಲ ಅಂತಾನೂ ಇರಬಹುದ್ರಿ," ಅಂದೆ ನಾನು.

ನಾವಿಬ್ಬರೂ ನೋಡುತ್ತಿದ್ದದ್ದು ಒಂದೇ ಖಾಲಿ ಮನೆಯನ್ನು. ಅಂಕಿ ಇದ್ದರೆ ವಾದ ಮಾಡಬಹುದು. ಇಲ್ಲದ ಅಂಕಿಯ ಜೊತೆ ಏನು ವಾದ ಮಾಡುವುದು? ಮಾವಶಿ ಬಾಗಿಲಲ್ಲಿ ಅಂಟಿನ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. "ಏನಂತ ಬಂದೈತ್ರಿ ಬಾಯಾರ? ನಮ್ಮ ಖೋಕಾ ಬೇಕಂತೇನು?" ಎಂದು ಕೇಳಿದರು. ನನ್ನ ಕಡೆ ನೋಡುತ್ತಿದ್ದ ಆ ಕಣ್ಣಿಗೆ ಹಣಕಾಸು ವರ್ಷ, ಕ್ಯಾಲೆಂಡರ್ ವರ್ಷ ಎಂದೆಲ್ಲ ಹೇಳಲು ನಾಲಿಗೆ ಏಳಲಿಲ್ಲ. "ಸ್ವಲ್ಪ ಕಳಿಸಿ ನೋಡೋಣ ಮಾವಶಿ," ಅಂದುಬಿಟ್ಟೆ. ಮಾಲಕರು ತಲೆಯಾಡಿಸಿದರು. ತೀರ್ಮಾನ ಆದದ್ದು ಹಾಗೆ. ವಾರಗಟ್ಟಲೆ ಅಂಕಿ ಜಾಲಾಡಿದ್ದು ತಕ್ಕಡಿಯ ಒಂದು ತಟ್ಟೆಯಲ್ಲಿ, ಮಾವಶಿ ಬಾಗಿಲಲ್ಲಿ ನಿಂತದ್ದು ಇನ್ನೊಂದರಲ್ಲಿ.

ಸಮುದ್ರದ ತೇವಕ್ಕೆ ಖೋಕಾ ತಡೆದೀತೇ ಎಂಬ ಪ್ರಶ್ನೆ ಮುಂದೆ ಬಂತು. ಅದನ್ನು ಪರೀಕ್ಷಿಸುವ ಸಾಧನ ನಮ್ಮಲ್ಲಿ ಎಲ್ಲಿಂದ ಬರಬೇಕು? ಮಾಲಕರೇ ಉಪಾಯ ಕಂಡುಹಿಡಿದರು. ರಾಯಬಾಗದ ಕಡೆ ಅವರ ಸ್ನೇಹಿತರ ಬೆಲ್ಲದ ಗಾಣವಿತ್ತು. ಕಬ್ಬಿನ ಹಾಲು ಕುದಿಯುವ ಕಡಾಯಿಯ ಪಕ್ಕದಲ್ಲಿ ಖೋಕಾಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಬೆಲ್ಲದ ಪೆಂಟೆಗಳ ಭಾರವಿಟ್ಟು, ಹಬೆಯಲ್ಲಿ ಬಿಟ್ಟೆವು. ಮರುದಿನ ಹೋಗಿ ನೋಡಿದರೆ ಕೆಳಗಿನ ಖೋಕಾಗಳು ಜೋಡಣೆಯಲ್ಲಿ ಬಾಯಿ ಬಿಟ್ಟು ಕೂತಿದ್ದವು. ಕಾಗದ ಗಟ್ಟಿಯಾಗಿಯೇ ಇತ್ತು, ಅಂಟು ಸೋತಿತ್ತು. ಮಾವಶಿ ಅವನ್ನು ತಿರುವಿ ಮುರುವಿ ನೋಡಿ ಶೆಡ್ಡಿಗೆ ಮರಳಿದರು. ಅಂಟನ್ನು ಗಟ್ಟಿ ಮಾಡಿದರು, ಎರಡು ಕೈ ಹಚ್ಚಿದರು, ಒಣಗಲು ಹೆಚ್ಚು ಹೊತ್ತು ಬಿಟ್ಟರು. ಅದೂ ಬಾಯಿಬಿಟ್ಟಿತು. ಮಾಲಕರು ಬೇರೆ ಅಂಟು ತರಿಸಿದ ಮೇಲೆ, ಮೂರನೆಯ ಸಲ ಪೇರಿಸಿದ ಖೋಕಾಗಳು ಹಬೆಯಲ್ಲಿ ನಿಂತವು. ಮಾವಶಿ ಅವುಗಳ ಮೇಲೆ ಹತ್ತಿ ನಿಂತು ತೋರಿಸಿದರು. ಗಾಣದವರೆಲ್ಲ ನಕ್ಕರು, ನಾನು ಚಪ್ಪಾಳೆ ಹೊಡೆದೆ. ಈ ಇಡೀ ಕತೆಯಲ್ಲಿ ನಾನು ಹೊಟ್ಟೆತುಂಬ ನಕ್ಕದ್ದು ಆ ದಿನ ಮಾತ್ರ.

ಸರಕಿನ ಕಾಗದಪತ್ರ ನಾನೇ ಮಾಡಿದೆ. ಮಡಚಿ ಕಟ್ಟಿದ ಖೋಕಾಗಳ ಕಟ್ಟುಗಳು ಮತ್ತು ಗಿರಾಕಿಗೆ ತೋರಿಸಲು ಎತ್ತಿ ನಿಲ್ಲಿಸಿ ಅಂಟಿಸಿದ ಒಂದಿಷ್ಟು ನಮೂನೆ ಖೋಕಾಗಳು. ಎಲ್ಲ ಖಾಲಿ ಎಂದು ಬರೆದು, ಮಾಲಕರ ಸಹಿ ಹಾಕಿಸಿ, ಬಂದರಿನ ಏಜೆಂಟರಿಗೆ ಕಳಿಸಿದೆ. ಲಾರಿ ಹೊರಡುವ ಬೆಳಿಗ್ಗೆ ಮನೆಯಿಂದ ಒಂದು ಡಬ್ಬಿ ಶೇಂಗಾ ಉಂಡಿ ಒಯ್ದಿದ್ದೆ. ಮಾಲಕರು ಬಿಸ್ಮಿಲ್ಲಾ ಅಂದರು, ಮಾವಶಿ ಲಾರಿಯ ಮುಂದೆ ಕಾಯಿ ಒಡೆದರು, ಲಾರಿ ನಿಪ್ಪಾಣಿಯ ಹಾದಿ ಹಿಡಿದು ಕೊಗನೊಳ್ಳಿ ನಾಕಾ ದಾಟಿ ಹೋಯಿತು. ಉಂಡಿ ಡಬ್ಬಿ ಮಾವಶಿಯ ಹತ್ತಿರವೇ ಉಳಿಯಿತು.

ಹಡಗು ಹೋಗಿ ಮುಟ್ಟುವ ತನಕ ಮಾಡುವುದೇನೂ ಇರಲಿಲ್ಲ. ಆದರೂ ನಾನು ಹೋದಾಗಲೆಲ್ಲ ಮಾವಶಿ, "ಎಲ್ಲಿ ಮಟಾ ಹೋಗ್ಯಾವ್ರಿ?" ಎಂದು ಕೇಳುವರು. ಮದುವೆ ಮಾಡಿಕೊಟ್ಟ ಮಗಳು ಊರು ಮುಟ್ಟಿದಳೇ ಎಂದು ಕೇಳಿದ ಹಾಗೆ. ಮಾಲಕರಂತೂ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದವರ ಹಾಗೆ, ಶೆಡ್ಡಿನ ಹಿಂದೆ ಇನ್ನೊಂದು ಪತ್ರಾಸ್ ಹೊದಿಸಲು ಅಳತೆ ತೆಗೆಸುತ್ತಿದ್ದರು.

ಫೋನು ಬಂದಾಗ ನಾನು ಅಲ್ಲೇ ಇದ್ದೆ. ದ್ವೀಪದ ವ್ಯಾಪಾರಿ ಹಿಂದಿಯಲ್ಲಿ ಮಾತಾಡುತ್ತಿದ್ದರು, ಮಾಲಕರು ಸ್ಪೀಕರ್ ಹಾಕಿದರು.

"ಭಾಯಿಸಾಬ್, ಡಬ್ಬೇ ಮೇ ಕಿಶ್‌ಮಿಶ್ ಕಿಸ್ನೇ ಡಾಲಾ?"

ಡಬ್ಬಿಯಲ್ಲಿ ದ್ರಾಕ್ಷಿ ಯಾರು ಹಾಕಿದ್ದು? ನಾನು ನಗುತ್ತಾ ಮಾಲಕರ ಮುಖ ನೋಡಿದೆ, ಏನೋ ಚೇಷ್ಟೆ ಇರಬೇಕೆಂದು. ಮಾಲಕರ ಮುಖದಲ್ಲಿ ನಗೆ ಇರಲಿಲ್ಲ.

ಅಲ್ಲಿನ ಸುಂಕದವರು ಸರಕು ಬಿಚ್ಚಿ ನೋಡಿದ್ದರು. ಕಾಗದದಲ್ಲಿ ಖಾಲಿ ಎಂದು ಬರೆದ ನಮೂನೆ ಖೋಕಾಗಳ ಒಂದೊಂದರಲ್ಲೂ ಒಂದು ಹಿಡಿ ಒಣದ್ರಾಕ್ಷಿ, ನಮ್ಮ ಕಡೆಯ ಮನೂಕ. ಅದು ಬೆಳೆಗೆ ಹುಳಹುಪ್ಪಡಿ ಹತ್ತೀತೆಂದು ಅಂಜುವ ದ್ವೀಪ. ಹೊರಗಿನ ತಿನ್ನುವ ಪದಾರ್ಥ ಹೇಳದೆ ಕೇಳದೆ ಬಂದರೆ ಅವರ ದೃಷ್ಟಿಯಲ್ಲಿ ಅದು ಕಳ್ಳಸಾಗಣೆ. ಆ ನಮೂನೆಗಳಿಗಾಗಿ ಇಡೀ ಸರಕು ತಡೆಹಿಡಿದಿದ್ದರು. ನಮ್ಮ ಖರ್ಚಿನಲ್ಲಿ ವಾಪಸ್ ತರಿಸಿಕೊಳ್ಳಬೇಕು, ಇಲ್ಲವೇ ಸುಡಲು ಒಪ್ಪಿಗೆ ಕೊಡಬೇಕು.

ಮಾಲಕರು ಫೋನು ಕೆಳಗಿಟ್ಟ ಮೇಲೆ ಮೆಲ್ಲಗೆ ಹೇಳಿದರು. "ಮನೂಕ ನಾನ ತಂದು ಕೊಟ್ಟಿದ್ದೆನ್ರಿ. ಅಥಣಿಯಿಂದ, ಚಲೋ ಮಾಲು. ಹೊಸಾ ಗಿರಾಕಿ, ಮೊದಲ್ನೇ ಸಲ ಖೋಕಾ ಕಳಸಾಕತ್ತೀವಿ, ಬರೀದ ಹೆಂಗ ಕಳಸೂದ್ರಿ ಅಂತ ಮಾವಶಿ ಕೇಳಿದ್ರು. ಖರೇ ಅನಿಸ್ತು. ನೀವ ಚಿಕ್ಕೋಡಿಗಿ ಹೋಗಿದ್ರಿ, ಲಾರಿ ಹೋಗೂ ಹಿಂದಿನ ದಿನಾನ ಹಾಕಿ ಪ್ಯಾಕ್ ಮಾಡಿದ್ವಿ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹಿಂದಿನ ದಿನ ನಾನಲ್ಲಿ ಇದ್ದಿದ್ದರೆ ಬೇಡವೆನ್ನುತ್ತಿದ್ದೆನೇ ಎಂದು ಕೇಳಿಕೊಂಡೆ. ಬಹುಶಃ ಇಲ್ಲ. ಬರಿದಾದ ಡಬ್ಬಿ ಕೊಡಬಾರದೆಂಬುದು ನನ್ನ ಕೈಗೂ ಗೊತ್ತಿದ್ದದ್ದೇ. ಅದು ಸುಂಕದವರ ಕಣ್ಣಿಗೆ ಹೇಗೆ ಕಾಣುತ್ತದೆಂಬ ವಿಚಾರ ಆ ಹೊತ್ತಿಗೆ ತಲೆಗೆ ಬರುತ್ತಿರಲಿಲ್ಲ.

ಒಂದು ವಿವರಣೆ ಬರೆದೆ. ನಮ್ಮ ಪ್ರಾಂತದಲ್ಲಿ ಪಾತ್ರೆಯನ್ನು ಬರಿದೆ ಕೊಡುವುದು ಅಪಚಾರ, ಮಾರುವ ಉದ್ದೇಶವಿರಲಿಲ್ಲ, ದಯವಿಟ್ಟು ದ್ರಾಕ್ಷಿ ಮಾತ್ರ ತೆಗೆದು ಖೋಕಾ ಬಿಡಿ ಎಂದು. ಬಂದರಿನ ಏಜೆಂಟರು ಓದಿ ಫೋನು ಮಾಡಿದರು. "ಮೇಡಂ, ಅವರ ಅರ್ಜಿಯಲ್ಲಿ ಮಾರಾಟದ ಸರಕು ಅಂತ ಒಂದು ಕಲಂ ಇದೆ, ನಮೂನೆ ಅಂತ ಒಂದಿದೆ. ನೀವು ಹೇಳೋದಕ್ಕೆ ಕಲಂ ಇಲ್ಲ." ಪಾಪ, ಅವರ ತಪ್ಪೇನಿತ್ತು? ನಾನು ಪ್ರಾಂತ, ಪಾತ್ರೆ, ಅಪಚಾರ ಎಲ್ಲ ಅಳಿಸಿ, ಕಣ್ತಪ್ಪಿನಿಂದ ಸೇರಿದೆ ಎಂದು ತಿದ್ದಿ ಕಳಿಸಿದೆ. ಅದಕ್ಕೂ ಸುಂಕದವರ ಉತ್ತರ ಅದೇ, ವಾಪಸ್ ತರಿಸಿಕೊಳ್ಳಿ, ಇಲ್ಲವೇ ಸುಡುತ್ತೇವೆ. ವಾಪಸ್ ತರಿಸುವುದು ಮಾಲಕರ ಕೈಲಾಗುವ ಮಾತಾಗಿರಲಿಲ್ಲ. ಸುಡಲು ಒಪ್ಪಿಗೆಯ ಕಾಗದ ನನ್ನ ಮೇಜಿನ ಮೇಲೆಯೇ ತಯಾರಾಯಿತು. ಸಹಿ ಹಾಕುವಾಗ ಮಾಲಕರ ಪೆನ್ನು ಎರಡು ಸಲ ನಿಂತಿತು.

ದ್ವೀಪದ ವ್ಯಾಪಾರಿ ಒಳ್ಳೆಯವರು, ಬೈಯಲಿಲ್ಲ. ನಿಮ್ಮ ಹೆಸರಿನ ಸರಕನ್ನು ಇನ್ನು ಮೇಲೆ ಸುಂಕದವರು ಬಿಚ್ಚದೆ ಬಿಡುವುದಿಲ್ಲ, ನಾನು ಹಳೆಯ ಕಡೆಯಿಂದಲೇ ತರಿಸಿಕೊಳ್ಳುತ್ತೇನೆ ಎಂದರು. ಹಳೆಯ ಕಡೆ ಎಂದರೆ ನನ್ನ ಹಾಳೆಯ ಆ ಇನ್ನೊಂದು ದೇಶ.

ಮಾವಶಿಗೆ ಹೇಳುವುದು ಬೇಡವೆಂದು ಮಾಲಕರು ಅಂದರು. ಮಾಲು ಅವರಿಗೆ ಹಿಡಿಸಲಿಲ್ಲ ಅಂದರಾಯಿತು ಎಂದು. ಆದರೆ ಆ ಮಾತು ನನಗೆ ಒಗ್ಗಲಿಲ್ಲ. ಮೂರು ಸಲ ಅಂಟು ಕಲಸಿದ ಹೆಂಗಸು, ತನ್ನ ಅಂಟು ಸೋತಿತೆಂದು ತಿಳಿದುಕೊಂಡೇ ಮನೆಗೆ ಹೋಗಬೇಕೇ? ಹೇಳಿಬಿಟ್ಟೆ. ಅವರು ಕೆಳಗೆ ಕೂತು ಕೇಳಿಸಿಕೊಂಡರು.

"ಸುಟ್ಟರೇನ್ರಿ? ಖೋಕಾ ಸುಟ್ಟರೋ, ಮನೂಕ ಸುಟ್ಟರೋ?"

"ಎರಡೂ, ಮಾವಶಿ."

"ತಿನ್ನೂದ್ ಬಿಟ್ಟು ಸುಟ್ಟರ? ಅಥಣಿ ಮನೂಕಾನ?" ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ಅಂಟು ಬಿಟ್ಟಿರಲಿಲ್ಲಲ್ರಿ?"

"ಇಲ್ಲ. ಗಟ್ಟಿ ಇದ್ವಂತ. ಆ ವ್ಯಾಪಾರಿ ಅಂದ್ರು."

"ಹಂಗಾರ ನನ್ನ ತಪ್ಪು ಯಾವ್ದ್ರಿ ಬಾಯಾರ?"

ಸುಂಕದವರದೂ ತಪ್ಪಲ್ಲ, ಏಜೆಂಟರದಲ್ಲ, ಮಾಲಕರದಲ್ಲ, ಮಾವಶಿಯದಂತೂ ಅಲ್ಲ. ತಪ್ಪು ಯಾರದೂ ಅಲ್ಲದೆ ಕೆಲಸ ಮಾತ್ರ ಹೋಯಿತು. ದ್ರಾಕ್ಷಿ ಸುಗ್ಗಿ ಮುಗಿದಾಗ ಮಾಲಕರು ಅಂಟಿನ ಕೆಲಸ ನಿಲ್ಲಿಸಿದರು. ಹೆಂಗಸರು ಒಬ್ಬೊಬ್ಬರಾಗಿ ಬೇರೆ ಬೇರೆ ಕಡೆ ಹೋದರು. ಮಾಲಕರು ಬೇರೆಯವರು ಮಾಡಿದ ಖೋಕಾ ತಂದು ಮಾರುವ ವ್ಯಾಪಾರಕ್ಕೆ ಇಳಿದರು.

ಮುಂದಿನ ವರ್ಷದ ಅಂಕಿಗಳು ಬಂದಾಗ ನಾನು ಅವನ್ನು ನೋಡಬೇಕಾದ ಕಾರಣವೇ ಇರಲಿಲ್ಲ. ಹುಣ್ಣು ಮುಟ್ಟಿ ನೋಡುವ ಚಟ. ಎರಡು ದೇಶಗಳ ಸಾಲನ್ನು ಮತ್ತೆ ಅಕ್ಕಪಕ್ಕ ಹೊಂದಿಸಿದೆ. ಅವರ ಸಾಲು ಮೊದಲಿನಂತೆ ತಿಂಗಳು ತಿಂಗಳೂ ತುಂಬಿತ್ತು. ನಮ್ಮ ಖೋಕಾದ ಮನೆಯಲ್ಲಿ ಒಂದು ಸೊನ್ನೆ, ಒಂದು ಚುಕ್ಕೆ, ಮತ್ತೊಂದು ಸೊನ್ನೆ, ಅದರ ಮುಂದೆ ಒಂದು ಅಂಕಿ.

ತಿಂಗಳು ನೋಡಿದೆ, ತೂಕ ನೋಡಿದೆ. ನಮ್ಮದೇ. ಮಾಲು ಬಂದರು ಬಿಟ್ಟ ಕ್ಷಣಕ್ಕೆ ನಮ್ಮ ದೇಶದ ಲೆಕ್ಕ ಮುಗಿಯುತ್ತದೆ. ಅತ್ತ ಮುಟ್ಟಿತೋ ಸುಟ್ಟಿತೋ ಇತ್ತ ಯಾರೂ ಕೇಳುವುದಿಲ್ಲ. ಅತ್ತಲಿನ ಲೆಕ್ಕವಂತೂ ದೊಡ್ಡ ದೇಶದಲ್ಲಿ ಕರಗಿಹೋದದ್ದು. ಮಾಲಕರಿಗೆ ಫೋನು ಮಾಡಿ ಹೇಳಿದೆ. ಅವರು ನಗತೊಡಗಿದರು, ನಗು ನಿಲ್ಲಲೇ ಇಲ್ಲ. "ಹೋದ ವರ್ಷ ಖಾಲಿ, ಈ ವರ್ಷ ಐತಿ. ಬೆಳದೀವಿ ಅಂತಾತಲ್ರಿ ಮೇಡಮ್ಮಾರ! ಇದನ್ನ ನೋಡಿ ಇನ್ನೊಬ್ಬಾಂವ ಖೋಕಾ ಕಳಸತಾನ ನೋಡ್ರಿ." ಹೌದು, ಕಳಿಸುತ್ತಾನೆ. ಅವನನ್ನು ತಡೆಯಲು ನಾನು ಯಾರ ಬಾಗಿಲು ತಟ್ಟಲಿ?

ಅದೇ ವಾರ ಬೋರಗಾಂವಕ್ಕೆ ಹೋಗುವ ಕೆಲಸವಿತ್ತು. ಮಾವಶಿಯ ಮನೆ ಹುಡುಕಿಕೊಂಡು ಹೋದೆ. ಪಡಸಾಲೆಯಲ್ಲಿ ಕೂತು ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಅಂಟಿನ ಕೆಲಸದ ಅರ್ಧ ಕೂಲಿಯೂ ಇದರಲ್ಲಿ ಹುಟ್ಟುವುದಿಲ್ಲವೆಂದು ಅವರಾಗಿಯೇ ಹೇಳಿದರು. ಮೊಬೈಲಿನಲ್ಲಿ ಆ ಸಾಲು ತೆರೆದು ತೋರಿಸಿದೆ.

"ಹೋಗ್ಯಾವ ಅಂತ ಬರದಾರ?"

"ಹೌದ್ರಿ."

"ಸುಟ್ಟಾರ ಅಂತ ಬರದಿಲ್ಲ?"

"ಅದನ್ನ ಬರಿಯಾಕ ಜಾಗಾ ಇಲ್ಲ್ರಿ."

"ಚಲೋ ಆತು ಬಿಡ್ರಿ. ನೋಡಿದವ್ರು ಮುಟ್ಟ್ಯಾವ ಅಂತಾದ್ರೂ ತಿಳ್ಕೋತಾರ." ಅವರಿಗೆ ಅದರಿಂದ ನಿಜವಾಗಿಯೂ ಸಮಾಧಾನವಾಗಿತ್ತು.

ಏಳುವ ಹೊತ್ತಿಗೆ ಮಾವಶಿಗೆ ನೆನಪಾಯಿತು. "ನಿಮ್ಮ ಉಂಡಿ ಡಬ್ಬಿ ಇಲ್ಲೇ ಉಳದೈತ್ರಿ, ತಡೀರಿ," ಎಂದು ಒಳಗೆ ಹೋದರು. ಅಡುಗೆಮನೆ ಪಡಸಾಲೆಗೆ ಕಾಣುತ್ತಿತ್ತು. ತೊಳೆದಿಟ್ಟ ನನ್ನ ಡಬ್ಬಿ ಕೆಳಗಿಳಿಸಿ, ಒಂದು ಭರಣಿ ತೆಗೆದು ನೋಡಿದರು, ಮುಚ್ಚಿದರು. ಇನ್ನೊಂದು ತೆಗೆದು ನೋಡಿದರು, ಮುಚ್ಚಿದರು. ಮೂರನೆಯದನ್ನು ಬಗ್ಗಿಸಿ, ತಳವನ್ನು ಬೆರಳುಗಳಿಂದ ಬಳಿದು ತೆಗೆಯತೊಡಗಿದರು. ಸಕ್ಕರೆ. ಆ ಮನೆಯ ನಾಳೆಯ ಚಹಾ.

ತಡೆಯಲಾಗಲಿಲ್ಲ. "ಇರಲಿ ಮಾವಶಿ, ಖಾಲೀನ ಕೊಡ್ರಿ," ಅಂದೆ.

ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. ಖೋಕಾ ಸುಟ್ಟ ಸುದ್ದಿ ಹೇಳಿದ ದಿನ ಕೂಡ ಆ ಮುಖ ಅಷ್ಟು ಬಾಡಿರಲಿಲ್ಲ.

"ನೀವೂ ಆ ದ್ವೀಪದವ್ರಾದ್ರೇನ್ರಿ, ಬಾಯಾರ?"